ನೋವಿನ ನೆನಪು ಮರಳಿದಾಗ ಧ್ಯಾನ ಏನು ಮಾಡಬಲ್ಲದು?

ಎಂಟು ವಾರ ಧ್ಯಾನ ಮಾಡಿದರೆ ಮಿದುಳಿನಲ್ಲಿ ನೆನಪಿನ ಕೆಲಸ ನೋಡಿಕೊಳ್ಳುವ ಭಾಗ ಬೆಳೆಯುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕಂಪನಿಗಳು ಉದ್ಯೋಗಿಗಳಿಗೆಂದು ಏರ್ಪಡಿಸುವ ಶಿಬಿರಗಳಲ್ಲಿ, ಧ್ಯಾನ ಕಲಿಸುವ ಆ್ಯಪ್‌ಗಳ ಜಾಹೀರಾತುಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅದು ವಿಜ್ಞಾನ ಒಪ್ಪಿ ಮುದ್ರೆ ಒತ್ತಿದ ಸತ್ಯದಂತೆ ಬರುತ್ತದೆ. ಈ ಮಾತಿಗೆ ಹೆಚ್ಚು ಬಲ ಕೊಟ್ಟದ್ದು 2011ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡವೊಂದು ಪ್ರಕಟಿಸಿದ ಅಧ್ಯಯನ. ಮೈಂಡ್‌ಫುಲ್‌ನೆಸ್ (ಈ ಕ್ಷಣದ ಅನುಭವವನ್ನು ಇದ್ದ ಹಾಗೆಯೇ ಗಮನಿಸುವ ಧ್ಯಾನ) ತರಬೇತಿ ಮುಗಿಸಿದ 16 ಜನರ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದಾಗ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳಿರುವ ಬೂದು ಪದರ ಹೆಚ್ಚಿದಂತೆ ಕಂಡಿತ್ತು. ಹದಿನಾರೇ ಜನ. ಅವರೂ ತಾವಾಗಿಯೇ ತರಬೇತಿಗೆ ಸೇರಿಕೊಂಡವರು.

2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 218 ಜನರೊಂದಿಗೆ ಇದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಯಾರು ಧ್ಯಾನ ಕಲಿಯಬೇಕು, ಯಾರಿಗೆ ವ್ಯಾಯಾಮ, ಸಂಗೀತ, ಆಹಾರಕ್ರಮಗಳ ತರಬೇತಿ, ಯಾರು ಸುಮ್ಮನೆ ಕಾಯಬೇಕು ಎಂಬುದನ್ನು ಈ ಸಲ ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗಿತ್ತು. ತರಬೇತಿಯ ನಂತರ ನೋಡಿದರೆ ಈ ಗುಂಪುಗಳ ಮಿದುಳಿನ ರಚನೆಯಲ್ಲಿ ಧ್ಯಾನದಿಂದಾದ ಬದಲಾವಣೆ ಎಂದು ತೋರಿಸಬಹುದಾದದ್ದು ಏನೂ ಇರಲಿಲ್ಲ. ಆ ತಂಡದಲ್ಲಿ ರಿಚರ್ಡ್ ಡೇವಿಡ್‌ಸನ್ ಇದ್ದರು. ಬೌದ್ಧ ಭಿಕ್ಷುಗಳ ಮಿದುಳನ್ನು ಅಧ್ಯಯನ ಮಾಡಿ ಧ್ಯಾನದ ವಿಜ್ಞಾನಕ್ಕೆ ಜಗತ್ತಿನ ಗಮನ ತಂದುಕೊಟ್ಟವರೇ ಅವರು. ತಮ್ಮ ಕ್ಷೇತ್ರದ ಅಚ್ಚುಮೆಚ್ಚಿನ ನಂಬಿಕೆಯ ವಿರುದ್ಧ ಬಂದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಮಾತು. ಆದರೆ ಮೊದಲ ಸುದ್ದಿ ಹಬ್ಬಿದಷ್ಟು ಎರಡನೆಯದು ಹಬ್ಬಲಿಲ್ಲ.

ಹಾಗೆಂದು ಧ್ಯಾನದಿಂದ ಪ್ರಯೋಜನವೇ ಇಲ್ಲ ಎಂಬ ತೀರ್ಮಾನಕ್ಕೆ ಹಾರುವುದೂ ತಪ್ಪು. ನನ್ನ ತಿಳಿವಳಿಕೆಯ ಮಟ್ಟಿಗೆ, ಅದು ಕೆಲಸ ಮಾಡುವ ಜಾಗ ಬೇರೆ. ಹಳೆಯ ನೋವೊಂದು ಮನಸ್ಸಿಗೆ ಮರಳಿ ಬರುವ ಗಳಿಗೆಯಲ್ಲಿ ನಾವು ಅದನ್ನು ಹೇಗೆ ಎದುರುಗೊಳ್ಳುತ್ತೇವೆ ಎಂಬಲ್ಲಿ ಅದರ ಪರಿಣಾಮ ಇದೆ, ಅದಕ್ಕೆ ಒಳ್ಳೆಯ ಪುರಾವೆಯೂ ಇದೆ. ಇದು ಅರ್ಥವಾಗಬೇಕಾದರೆ ಮೊದಲು ಭಾವನೆ ನೆನಪಿನೊಳಗೆ ಹೇಗೆ ಸೇರಿಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ಭಾವನೆ ಒತ್ತುವ ಅಚ್ಚು

1994ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಚಿತ್ರಗಳ ಜೊತೆ ಒಂದು ಕಥೆ ಹೇಳುವುದು. ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಅಪ್ಪ ಕೆಲಸ ಮಾಡುವ ಆಸ್ಪತ್ರೆಗೆ ಹೊರಡುತ್ತಾಳೆ. ಒಂದು ಗುಂಪಿಗೆ ಹೇಳಿದ ಕಥೆಯಲ್ಲಿ ದಾರಿಯಲ್ಲಿ ಏನೂ ಆಗುವುದಿಲ್ಲ. ಇನ್ನೊಂದು ಗುಂಪಿಗೆ ಹೇಳಿದ ಕಥೆಯಲ್ಲಿ ಹುಡುಗನಿಗೆ ಕಾರು ಡಿಕ್ಕಿ ಹೊಡೆಯುತ್ತದೆ, ಕತ್ತರಿಸಿಹೋದ ಪಾದಗಳನ್ನು ಶಸ್ತ್ರಚಿಕಿತ್ಸಕರು ಮತ್ತೆ ಜೋಡಿಸುತ್ತಾರೆ. ಒಂದು ವಾರದ ನಂತರ ಕೇಳಿದಾಗ ಎರಡನೆಯ ಗುಂಪಿನವರಿಗೆ ಕಥೆಯ ನಡುವಿನ ಭಾಗ, ಅಂದರೆ ಅಪಘಾತದ ಭಾಗ, ಉಳಿದದ್ದಕ್ಕಿಂತ ಚೆನ್ನಾಗಿ ನೆನಪಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ.

ಆಶ್ಚರ್ಯ ಇರುವುದು ಮುಂದೆ. ಕೆಲವರಿಗೆ ಕಥೆ ಕೇಳುವ ಮೊದಲು ಪ್ರೊಪ್ರಾನೊಲಾಲ್ ಮಾತ್ರೆ ಕೊಡಲಾಗಿತ್ತು. ರಕ್ತದೊತ್ತಡಕ್ಕೆ, ಮೈಗ್ರೇನ್ ತಲೆನೋವಿಗೆ, ಕೈ ನಡುಕಕ್ಕೆ ನಮ್ಮ ವೈದ್ಯರೂ ಬರೆದುಕೊಡುವ ಮಾತ್ರೆ ಅದು. ಅಡ್ರಿನಲಿನ್ ಮಾದರಿಯ ಹಾರ್ಮೋನುಗಳ ಪರಿಣಾಮವನ್ನು ತಡೆಯುತ್ತದೆ. ಮಾತ್ರೆ ನುಂಗಿದವರಿಗೂ ಕಥೆ ಕೇಳುವಾಗ ಅಷ್ಟೇ ಮರುಕವಾಯಿತು. ಆದರೆ ವಾರದ ನಂತರ ಅಪಘಾತದ ಭಾಗ ಅವರಿಗೆ ವಿಶೇಷವಾಗಿ ನೆನಪಿರಲಿಲ್ಲ. ಉಳಿದ ಭಾಗಗಳ ನೆನಪಿಗೆ ಧಕ್ಕೆಯಾಗಿರಲಿಲ್ಲ. ಭಾವನೆ ಹುಟ್ಟುವುದು ಒಂದು ಸಂಗತಿ, ಅದು ನೆನಪಿನಲ್ಲಿ ಅಚ್ಚೊತ್ತುವುದು ಇನ್ನೊಂದು ಸಂಗತಿ ಎಂಬುದು ಇದರಿಂದ ತಿಳಿಯಿತು.

ಅಚ್ಚೊತ್ತುವ ಕೆಲಸದಲ್ಲಿ ಮುಖ್ಯ ಪಾತ್ರ ಅಮಿಗ್ಡಲದ್ದು. ಕಿವಿಯ ನೇರಕ್ಕೆ ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಬಾದಾಮಿ ಗಾತ್ರದ ಎರಡು ನರಕೋಶ ಗುಚ್ಛಗಳಿವೆ. ಅವುಗಳ ಬೆನ್ನಿಗೇ ಹಿಪ್ಪೊಕ್ಯಾಂಪಸ್ ಇದೆ. ಎಲ್ಲಿ, ಯಾವಾಗ, ಯಾರ ಜೊತೆ ಎಂಬ ವಿವರಗಳನ್ನು ಒಂದು ಘಟನೆಯಾಗಿ ಪೋಣಿಸುವುದು ಅದರ ಕೆಲಸ. ಗಾಬರಿಯಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಅದು ನೇರವಾಗಿ ಮಿದುಳಿಗೆ ದಾಟಲಾರದು. ದೇಹದಿಂದ ಮಿದುಳಿಗೆ ಸಾಗುವ ವೇಗಸ್ ನರದ ಮೂಲಕ ಸುದ್ದಿ ಮುಟ್ಟಿಸುತ್ತದೆ. ಆಗ ಮಿದುಳಿನ ಒಳಗೇ ನಾರ್‌ಅಡ್ರಿನಲಿನ್ ಬಿಡುಗಡೆಯಾಗಿ ಅಮಿಗ್ಡಲ ಎಚ್ಚರಗೊಳ್ಳುತ್ತದೆ, ಈ ಘಟನೆಯನ್ನು ಗಟ್ಟಿಯಾಗಿ ಇಟ್ಟುಕೊ ಎಂದು ಹಿಪ್ಪೊಕ್ಯಾಂಪಸ್‌ಗೆ ಒತ್ತಿ ಹೇಳುತ್ತದೆ.

ಗಟ್ಟಿಯಾಗಿ ಉಳಿದದ್ದೆಲ್ಲ ನಿಖರವಾಗಿ ಉಳಿದಿರುತ್ತದೆ ಎಂದು ಭಾವಿಸಬಾರದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಇನ್ನಿಲ್ಲ ಎಂಬ ಸುದ್ದಿ ಬಂದಾಗ ತಾವು ಎಲ್ಲಿದ್ದೆವು, ಯಾರು ಹೇಳಿದರು ಎಂಬುದನ್ನು ಕರ್ನಾಟಕದಲ್ಲಿ ಬಹುತೇಕ ಎಲ್ಲರೂ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲರು. ಇಂಥ ನೆನಪುಗಳ ಮೇಲಿನ ಹೆಸರಾಂತ ಪರೀಕ್ಷೆ ನಡೆದದ್ದು ಅಮೆರಿಕದಲ್ಲಿ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡಿತು. ಮರುದಿನ ಬೆಳಿಗ್ಗೆ ಎಮೊರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಅವರು ವಿದ್ಯಾರ್ಥಿಗಳಿಂದ, ಸುದ್ದಿ ಹೇಗೆ ತಿಳಿಯಿತು ಎಂದು ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದಾಗ 11 ಜನರ ಉತ್ತರ ಮೊದಲು ಬರೆದದ್ದಕ್ಕೆ ಒಂದು ಅಂಶದಲ್ಲೂ ಹೊಂದಲಿಲ್ಲ. ಹಾಗಿದ್ದೂ ತಮ್ಮ ನೆನಪು ಸರಿಯೆಂಬ ವಿಶ್ವಾಸಕ್ಕೆ ಕೊರತೆ ಇರಲಿಲ್ಲ. ಸ್ವಂತ ಕೈಬರಹವನ್ನು ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ. ಭಾವನೆಯು ನೆನಪಿಗೆ ಹೊಳಪನ್ನೂ ನಂಬಿಕೆಯನ್ನೂ ಕೊಡುತ್ತದೆ. ವಿವರಗಳು ಮಾತ್ರ ಸಾಮಾನ್ಯ ನೆನಪುಗಳಂತೆಯೇ ಸವೆಯುತ್ತವೆ.

ಬೆಂಗಳೂರಿನ ಇಲಿಗಳು ಹೇಳಿದ್ದು

ಒಂದು ಸಲದ ಆಘಾತವಲ್ಲದೆ ದಿನದಿನದ ಒತ್ತಡ ಈ ಎರಡು ಭಾಗಗಳಿಗೆ ಏನು ಮಾಡುತ್ತದೆ ಎಂಬುದರ ಬಗ್ಗೆ ಜಗತ್ತೇ ಉಲ್ಲೇಖಿಸುವ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ಅವರ ವಿದ್ಯಾರ್ಥಿಗಳು, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೊಂದಿಗೆ ಸೇರಿ 2002ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಇಲಿಗಳನ್ನು ದಿನಕ್ಕೆ 2 ಗಂಟೆ, ಹೀಗೆ 10 ದಿನ, ಅಲುಗಾಡಲು ಬಿಡದೆ ಇರಿಸಲಾಯಿತು. ಆಮೇಲೆ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಿಪ್ಪೊಕ್ಯಾಂಪಸ್‌ನ ಕೋಶಗಳ ಕವಲುಗಳು ಕುಗ್ಗಿದ್ದವು. ಅಮಿಗ್ಡಲದ ಕೋಶಗಳ ಕವಲುಗಳು ಬೆಳೆದಿದ್ದವು. ಒಂದೇ ಒತ್ತಡ, ಪಕ್ಕಪಕ್ಕದ ಎರಡು ಭಾಗ, ತದ್ವಿರುದ್ಧ ಪರಿಣಾಮ.

2004ರಲ್ಲಿ ಅದೇ ಪ್ರಯೋಗಾಲಯ ಮುಂದಿನ ಪ್ರಶ್ನೆ ಕೇಳಿತು: ಒತ್ತಡ ನಿಂತ ಮೇಲೆ ಏನಾಗುತ್ತದೆ? ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟರು. ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲ ಬೆಳೆದಂತೆಯೇ ಉಳಿಯಿತು, ಇಲಿಗಳ ಆತಂಕವೂ ಇಳಿಯಲಿಲ್ಲ.

ಈ ಫಲಿತಾಂಶದ ಬಗ್ಗೆ ಯೋಚಿಸಿದಾಗಲೆಲ್ಲ ನಮ್ಮ ಸುತ್ತಲಿನ ಅನೇಕರ ಬದುಕು ಕಣ್ಣಮುಂದೆ ಬರುತ್ತದೆ. ಸಾಲ ತೀರಿದೆ, ಕೋರ್ಟಿನ ಕೇಸು ಮುಗಿದಿದೆ, ಕಾಯಿಲೆಯವರು ಎದ್ದು ಓಡಾಡುತ್ತಿದ್ದಾರೆ. ಆದರೂ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಎಲ್ಲ ಸರಿಹೋಯಿತಲ್ಲ, ಇನ್ನೇಕೆ ಅದನ್ನೇ ಹಿಡಿದುಕೊಂಡು ಕೂತಿದ್ದೀಯ ಎಂದು ಮನೆಯವರು ಕೇಳುತ್ತಾರೆ. ಇಲಿಯ ಮಿದುಳಿನಿಂದ ಮನುಷ್ಯನ ಬದುಕಿಗೆ ನೇರ ಗೆರೆ ಎಳೆಯಲಾಗದು, ನಿಜ. ಆದರೆ ಪರಿಸ್ಥಿತಿ ಸುಧಾರಿಸಿದ ತಕ್ಷಣ ಮನಸ್ಸೂ ಸುಧಾರಿಸಬೇಕು ಎಂಬ ನಿರೀಕ್ಷೆಗೆ ಜೀವಶಾಸ್ತ್ರದಲ್ಲಿ ಆಧಾರವಿಲ್ಲ ಎಂದಾದರೂ ಇದರಿಂದ ಅರಿಯಬಹುದು.

ಈ ಚಿತ್ರಕ್ಕೆ ಇನ್ನೊಂದು ಮುಖವಿದೆ. ನೆನಪು ಒಮ್ಮೆ ಅಚ್ಚಾದರೆ ಕಲ್ಲಿನ ಮೇಲಿನ ಶಾಸನದ ಹಾಗೆ ಎಂದು ಬಹಳ ಕಾಲ ನಂಬಲಾಗಿತ್ತು. 2000ದಲ್ಲಿ ನ್ಯೂಯಾರ್ಕಿನಲ್ಲಿ ಕರೀಂ ನಾದರ್ ಮತ್ತು ಜೋಸೆಫ್ ಲೆಡೂ ಈ ನಂಬಿಕೆಯನ್ನು ಅಲುಗಿಸಿದರು. ಒಂದು ಸದ್ದು ಕೇಳಿದರೆ ವಿದ್ಯುತ್ ಆಘಾತ ಬರುತ್ತದೆ ಎಂದು ಕಲಿತ ಇಲಿಗಳಿಗೆ ಆ ಸದ್ದನ್ನು ಮತ್ತೆ ಕೇಳಿಸಿ, ಒಡನೆಯೇ ಅಮಿಗ್ಡಲದಲ್ಲಿ ಪ್ರೊಟೀನ್ ತಯಾರಿಯನ್ನು ತಡೆಯುವ ಔಷಧ ಕೊಟ್ಟರು. ಮರುದಿನ ಇಲಿಗಳು ಆ ಸದ್ದಿಗೆ ಮೊದಲಿನಂತೆ ಹೆದರಲಿಲ್ಲ. ಸದ್ದು ಕೇಳಿಸದೆ ಬರೀ ಔಷಧ ಕೊಟ್ಟರೆ ಭಯ ಹಾಗೆಯೇ ಉಳಿಯಿತು. ಅಂದರೆ ನೆನಪೊಂದು ಮರಳಿದಾಗ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ, ಮತ್ತೆ ಗಟ್ಟಿಯಾಗಲು ಮಿದುಳು ಹೊಸದಾಗಿ ಕೆಲಸ ಮಾಡಬೇಕು. ಮನುಷ್ಯರಲ್ಲಿ ಇದನ್ನು ಚಿಕಿತ್ಸೆಯಾಗಿ ಬಳಸುವ ಯತ್ನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಧ್ಯಾನ ಹಳೆಯ ನೆನಪನ್ನು ಅಳಿಸುತ್ತದೆ, ಮರುಬರೆಯುತ್ತದೆ ಎಂದು ಯಾರಾದರೂ ಈ ಪ್ರಯೋಗದ ಹೆಸರು ಹೇಳಿಕೊಂಡು ಬಂದರೆ ನಂಬಬೇಕಾಗಿಲ್ಲ.

ಮಸುಕಾದ ನೆನಪುಗಳು

ಈಗ ಧ್ಯಾನಕ್ಕೆ ಬರೋಣ. ಮೈಂಡ್‌ಫುಲ್‌ನೆಸ್ ಎಂದು ಇಂದು ಆಸ್ಪತ್ರೆಗಳಲ್ಲಿ ಕಲಿಸುವುದು ಬೌದ್ಧ ಸಾಧನೆಯಿಂದ ಎತ್ತಿಕೊಂಡು ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೂಪಿಸಿದ ಎಂಟು ವಾರಗಳ ಕ್ರಮ. ಮೊದಲ ದಿನ ಒಂದೇ ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟುಕೊಂಡು ಅದರ ಸುಕ್ಕು, ಬಣ್ಣ, ವಾಸನೆ ನೋಡಿ, ಕೊನೆಗೆ ನಿಧಾನವಾಗಿ ಅಗಿಯುವುದರಿಂದ ಅಭ್ಯಾಸ ಆರಂಭವಾಗುತ್ತದೆ. ಆಮೇಲೆ ಉಸಿರು, ಮೈಯ ಒಂದೊಂದೇ ಅಂಗ, ಬಂದುಹೋಗುವ ಯೋಚನೆ. ಮನಸ್ಸು ಎಲ್ಲಿಗೋ ಹೋದಾಗ ಬೈದುಕೊಳ್ಳದೆ, ಹೋಯಿತು ಎಂದು ಗುರುತಿಸಿ ವಾಪಸು ತರುವುದು. ದಿನವೂ ಮನೆಯಲ್ಲಿ ಮುಕ್ಕಾಲು ಗಂಟೆಯಷ್ಟು ಅಭ್ಯಾಸವಿರುತ್ತದೆ. ಐದು ನಿಮಿಷದ ಆ್ಯಪ್ ಪಾಠಕ್ಕೂ ಇದಕ್ಕೂ ಹೆಸರು ಒಂದೇ ಆಗಿರುವುದು ಗೊಂದಲದ ಒಂದು ಮೂಲ.

ಇದೇ ಕ್ರಮವನ್ನು ಖಿನ್ನತೆಗೆ ಒಗ್ಗಿಸಿದವರು ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್. ಇವರಲ್ಲಿ ವಿಲಿಯಮ್ಸ್ ಮೊದಲಿನಿಂದಲೂ ನೆನಪಿನ ಬಗ್ಗೆ ಕೆಲಸ ಮಾಡುತ್ತಿದ್ದವರು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಮಾತನಾಡಿಸಿ 1986ರಲ್ಲಿ ಅವರು ವಿಚಿತ್ರವೆನಿಸುವ ಸಂಗತಿಯೊಂದನ್ನು ವರದಿ ಮಾಡಿದರು. ಪರೀಕ್ಷೆ ಇಷ್ಟೇ: 'ಸಂತೋಷ' ಎಂಬಂಥ ಒಂದು ಪದ ಕೊಟ್ಟು, ಅದರಿಂದ ನೆನಪಾಗುವ ಒಂದು ನಿರ್ದಿಷ್ಟ ಘಟನೆಯನ್ನು ಹೇಳಿ ಎಂದು ಕೇಳುವುದು. ನೀವೋ ನಾನೋ ಆದರೆ 'ಹೋದ ಯುಗಾದಿಗೆ ತಂಗಿ ಹೇಳದೆ ಕೇಳದೆ ಮನೆಗೆ ಬಂದಳು' ಎಂಬಂಥ ಒಂದು ಘಟನೆ ಹೇಳುತ್ತೇವೆ. ಅವರಲ್ಲಿ ಅನೇಕರ ಉತ್ತರ 'ಅಮ್ಮನ ಮನೆಗೆ ಹೋದಾಗಲೆಲ್ಲ ಸಂತೋಷವಾಗಿರುತ್ತಿತ್ತು' ಎಂಬ ಬಗೆಯದು. ಒಂದು ದಿನ, ಒಂದು ಮುಖ, ಒಂದು ಮಾತು ಎಂದು ಕೇಳಿದರೂ ಅಲ್ಲಿಗೆ ತಲುಪಲಾಗುತ್ತಿರಲಿಲ್ಲ. ಈ ಲಕ್ಷಣ ಖಿನ್ನತೆ ಇರುವವರಲ್ಲಿ ವ್ಯಾಪಕವಾಗಿದೆ ಎಂದು ನಂತರದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಇದೇಕೆ ಮುಖ್ಯ? ಕಷ್ಟ ಬಂದಾಗ ನಾವು ಹಿಂದಿನ ಒಂದು ನಿರ್ದಿಷ್ಟ ಸಂದರ್ಭವನ್ನು ನೆನೆಯುತ್ತೇವೆ: ಆಗ ಹೀಗೆ ಮಾಡಿದ್ದೆ, ಇಂಥವರು ನೆರವಾಗಿದ್ದರು. 'ನನ್ನ ಬಾಳೆಲ್ಲ ಹೀಗೇ' ಎಂಬ ಒಟ್ಟಾರೆ ನೆನಪಿನಿಂದ ಅಂಥ ಯಾವ ಸಹಾಯವೂ ಸಿಗುವುದಿಲ್ಲ. ಒಂದು ಘಟನೆಯ ವಿವರಕ್ಕೆ ಇಳಿದರೆ ನೋವಾಗಬಹುದೆಂದು ಮನಸ್ಸು ಮೇಲ್ಮಟ್ಟದಲ್ಲೇ ನಿಂತುಬಿಡುತ್ತದೆ, ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಬೇಸರದ ಮನಸ್ಸು ಬೇಸರದ ನೆನಪುಗಳನ್ನೇ ಸುಲಭವಾಗಿ ಎಳೆದು ತರುತ್ತದೆ, ಆ ನೆನಪುಗಳು ಬೇಸರವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಪ್ರತಿ ಸಲ ಖಿನ್ನತೆ ಬಂದು ಹೋದಾಗಲೂ ಈ ಹಾದಿ ಸವೆದು ಸಲೀಸಾಗುತ್ತದೆ. ಮುಂದಿನ ಸಲ ಸಣ್ಣದೊಂದು ಬೇಸರವೇ ಸಾಕಾಗುತ್ತದೆ ಎಂಬುದು ಟೀಸ್‌ಡೇಲ್ ಅವರ ವಿವರಣೆ.

ಎಂಟು ವಾರಗಳ ತರಬೇತಿಯ ನಂತರ ಇಂಥ ಮಸುಕು ನೆನಪುಗಳು ಕಡಿಮೆಯಾದವು ಎಂದು 2000ದಲ್ಲಿ ಪ್ರಕಟವಾದ ಈ ಮೂವರ ತಂಡದ ಅಧ್ಯಯನ ತೋರಿಸಿತು. ಭಾವನೆ, ನೆನಪು, ಧ್ಯಾನ ಈ ಮೂರೂ ನಿಜವಾಗಿ ಸಂಧಿಸುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಒಣದ್ರಾಕ್ಷಿಯ ಸುಕ್ಕನ್ನು ನೋಡಲು ಕಲಿತ ಗಮನ, ಮೈಯಲ್ಲಿ ಏಳುವ ಬಿಗಿತವನ್ನು ಓಡಿಹೋಗದೆ ಗಮನಿಸಲು ಕಲಿತ ಗಮನ, ನೆನಪಿನ ವಿವರಗಳ ಬಳಿಯೂ ಸ್ವಲ್ಪ ಹೊತ್ತು ನಿಲ್ಲಬಲ್ಲದು. ಅದೇ ವರ್ಷ ಬಂದ ಇನ್ನೊಂದು ಪ್ರಯೋಗದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿ ಚೇತರಿಸಿಕೊಂಡಿದ್ದವರಲ್ಲಿ ಎಂದಿನ ಆರೈಕೆ ಮಾತ್ರ ಪಡೆದ ಶೇ 66ರಷ್ಟು ಜನರಿಗೆ ಖಿನ್ನತೆ ಮರುಕಳಿಸಿದರೆ, ತರಬೇತಿಯನ್ನೂ ಪಡೆದವರಲ್ಲಿ ಅದು ಶೇ 37ಕ್ಕೆ ಇಳಿದಿತ್ತು. ಎರಡೇ ಸಲ ಬಂದಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಆ ಸವೆದ ಹಾದಿ ಯಾರ ಮನಸ್ಸಿನಲ್ಲಿ ಆಳವಾಗಿದೆಯೋ ಅವರಿಗೇ ಹೆಚ್ಚು ಉಪಯೋಗ ಎಂಬ ವಿವರಣೆಗೆ ಇದು ಚೆನ್ನಾಗಿ ಹೊಂದುತ್ತದೆ. 2016ರಲ್ಲಿ 1,258 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ಮರುಕಳಿಸುವ ಅಪಾಯ ತರಬೇತಿ ಪಡೆಯದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು.

ಮಿದುಳಿನೊಳಗೆ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಸುಳಿವು 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅವರ ಪ್ರಯೋಗದಿಂದ ಸಿಕ್ಕಿದೆ. ಸಿಟ್ಟಿನ ಅಥವಾ ಭಯದ ಮುಖವನ್ನು ತೋರಿಸಿದಾಗ ಅಮಿಗ್ಡಲ ಚುರುಕಾಗುತ್ತದೆ. ಆ ಭಾವನೆಗೆ 'ಸಿಟ್ಟು' ಎಂದು ಹೆಸರಿಟ್ಟ ಕೂಡಲೇ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಒಂದು ಭಾಗ ಚುರುಕಾಗಿ ಅಮಿಗ್ಡಲದ ಚಟುವಟಿಕೆ ತಗ್ಗುತ್ತದೆ. ಚಿತ್ರದಲ್ಲಿರುವ ವ್ಯಕ್ತಿಗೆ ಯಾವುದೋ ಹೆಸರು ಆರಿಸಿದರೆ ಹಾಗಾಗುವುದಿಲ್ಲ. ಸ್ವಭಾವತಃ ಹೆಚ್ಚು ಅರಿವಿನಿಂದಿರುವವರಲ್ಲಿ ಈ ಪರಿಣಾಮ ಇನ್ನೂ ಸ್ಪಷ್ಟವಾಗಿತ್ತು. ಇದು ಇಡೀ ಉತ್ತರವಲ್ಲ, ಆದರೆ ದುಃಖದಲ್ಲಿ ಮುಳುಗುವುದಕ್ಕೂ ಇದು ದುಃಖ ಎಂದು ಗುರುತಿಸುವುದಕ್ಕೂ ಮಿದುಳಿನಲ್ಲಿ ವ್ಯತ್ಯಾಸವಿದೆ ಎಂಬುದನ್ನು ಇದು ಕಾಣಿಸುತ್ತದೆ.

ಎಲ್ಲರಿಗೂ ಒಂದೇ ಮದ್ದಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಅಷ್ಟೇ ಒತ್ತಿ ಹೇಳಬೇಕು. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಮಿರಿಯಡ್ ಎಂಬ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂದಿತು. ತರಗತಿಯಲ್ಲಿ ಎಲ್ಲ ಮಕ್ಕಳಿಗೂ ಮೈಂಡ್‌ಫುಲ್‌ನೆಸ್ ಕಲಿಸಿದ್ದರಿಂದ, ಎಂದಿನ ಪಾಠಗಳಿಗೆ ಹೋಲಿಸಿದರೆ ಅವರ ಮಾನಸಿಕ ಆರೋಗ್ಯ ಸುಧಾರಿಸಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ನಮ್ಮಲ್ಲೂ ಶಾಲೆಗಳು ಇಂಥ ತರಗತಿಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿರುವಾಗ ಆಡಳಿತ ಮಂಡಳಿಗಳು ಓದಲೇಬೇಕಾದ ಫಲಿತಾಂಶ ಇದು. ಆಪ್ತಸಮಾಲೋಚಕರನ್ನು ನೇಮಿಸುವ ಹಣದಲ್ಲಿ ಎಲ್ಲರ ಕಣ್ಣು ಮುಚ್ಚಿಸಿ ಕೂರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ನೆನಪಿನ ವಿಷಯದಲ್ಲಿಯೇ ಇನ್ನೊಂದು ಸೋಜಿಗವಿದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ನಡೆದ ಪ್ರಯೋಗವೊಂದರಲ್ಲಿ, 15 ನಿಮಿಷ ಮೈಂಡ್‌ಫುಲ್‌ನೆಸ್ ಧ್ಯಾನ ಮಾಡಿದವರು, ತಮಗೆ ತೋರಿಸಿದ ಪದಪಟ್ಟಿಯಲ್ಲಿ ಇಲ್ಲದೇ ಇದ್ದ ಪದವನ್ನು ಇತ್ತು ಎಂದು ಹೇಳುವುದು ಹೆಚ್ಚಾಗಿತ್ತು. ಕಂಡದ್ದಕ್ಕೂ ತಾನೇ ಊಹಿಸಿದ್ದಕ್ಕೂ ನಡುವಿನ ಗೆರೆ, ಎಲ್ಲವನ್ನೂ ತೂಗಿ ನೋಡದೆ ಸ್ವೀಕರಿಸುವ ಮನಸ್ಥಿತಿಯಲ್ಲಿ ತೆಳುವಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ನಂತರದ ಪ್ರಯೋಗಗಳೆಲ್ಲ ಇದನ್ನು ಒಪ್ಪಿಲ್ಲ. ಆದರೂ ಧ್ಯಾನದಿಂದ ಜ್ಞಾಪಕಶಕ್ತಿ ಹೆಚ್ಚಿ ಪರೀಕ್ಷೆಯಲ್ಲಿ ಅಂಕ ಬರುತ್ತದೆ ಎಂದು ಮಕ್ಕಳಿಗೆ ಭರವಸೆ ಕೊಡುವ ಮೊದಲು ಯೋಚಿಸಬೇಕು.

ಅತ್ಯಂತ ಎಚ್ಚರ ಬೇಕಾದದ್ದು ಆಘಾತ ಕಂಡವರ ವಿಷಯದಲ್ಲಿ. ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಮೈಯ ಮೇಲೆ ಗಮನವಿಡಿ ಎಂದರೆ ಆ ಮೈಯಲ್ಲಿಯೇ ಅಡಗಿರುವ ಭಯ ಒಮ್ಮೆಲೇ ಎದ್ದು ಬರಬಹುದು. ದೀರ್ಘ ಧ್ಯಾನ ಶಿಬಿರಗಳಲ್ಲಿ ತೀವ್ರ ಆತಂಕ, ನಿದ್ರಾಹೀನತೆ, ಹಳೆಯ ಆಘಾತದ ಮರುಕಳಿಕೆ ಅನುಭವಿಸಿದವರನ್ನು ಬ್ರೌನ್ ವಿಶ್ವವಿದ್ಯಾಲಯದ ವಿಲ್ಲೊಬಿ ಬ್ರಿಟನ್ ಮತ್ತು ಸಂಗಡಿಗರು ವಿವರವಾಗಿ ಸಂದರ್ಶಿಸಿ 2017ರಲ್ಲಿ ವರದಿ ಮಾಡಿದ್ದಾರೆ. ಇಂಥವರಿಗೆ ನಿನ್ನ ಸಾಧನೆ ಸಾಲದು, ಇನ್ನೂ ಗಟ್ಟಿಯಾಗಿ ಕೂರು ಎನ್ನುವುದು ಕ್ರೌರ್ಯವಾಗುತ್ತದೆ. ಕಣ್ಣು ತೆರೆದಿಡುವುದು, ಉಸಿರಿನ ಬದಲು ನೆಲಕ್ಕೆ ಒತ್ತಿದ ಅಂಗಾಲಿನ ಮೇಲೆ ಅಥವಾ ಹೊರಗಿನ ಸದ್ದಿನ ಮೇಲೆ ಗಮನವಿಡುವುದು, ಬೇಕಾದಾಗ ಎದ್ದು ಹೋಗುವ ಸ್ವಾತಂತ್ರ್ಯ ಇರುವುದು, ಇವನ್ನೆಲ್ಲ ತಿಳಿದ ಶಿಕ್ಷಕರು ಮಾಡಿಸುತ್ತಾರೆ. ಖಿನ್ನತೆಗೆಂದು ರೂಪಿಸಿದ ತರಬೇತಿಯಲ್ಲಿ ಸೇರಿಸಿಕೊಳ್ಳುವ ಮೊದಲೇ ಪ್ರತಿಯೊಬ್ಬರನ್ನೂ ಬೇರೆಯಾಗಿ ಕೂರಿಸಿ ಹಿಂದಿನದನ್ನು ಕೇಳಿ ತಿಳಿದುಕೊಳ್ಳುವ ಕ್ರಮವಿದೆ. ನೀವು ಸೇರಲಿರುವ ತರಗತಿಯಲ್ಲಿ ಯಾರೂ ಏನನ್ನೂ ಕೇಳದಿದ್ದರೆ ನೀವಾಗಿಯೇ ಹೇಳಿ, ಹೇಳಿದ್ದನ್ನು ಅವರು ಹೇಗೆ ತೆಗೆದುಕೊಳ್ಳುತ್ತಾರೆ ಎಂದು ನೋಡಿ.

ಖಿನ್ನತೆಗೆ ಕೊಡುವ ಮಾತ್ರೆಯ ಮಾತನ್ನೂ ಬಿಡುವಂತಿಲ್ಲ. 2015ರಲ್ಲಿ ಬ್ರಿಟನ್ನಿನ 424 ರೋಗಿಗಳ ಪ್ರಯೋಗದಲ್ಲಿ ಧ್ಯಾನದ ತರಬೇತಿ ಪಡೆದು ಮಾತ್ರೆ ಇಳಿಸಿದವರಲ್ಲಿ ಶೇ 44, ಮಾತ್ರೆ ಮುಂದುವರಿಸಿದವರಲ್ಲಿ ಶೇ 47 ಜನರಿಗೆ ಖಿನ್ನತೆ ಮರುಕಳಿಸಿತು. ಹೆಚ್ಚು ಕಡಿಮೆ ಸಮ. ಇದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸುವವರಿದ್ದಾರೆ. ಅಲ್ಲಿ ಮಾತ್ರೆ ಇಳಿಸಿದ್ದು ವೈದ್ಯರ ಉಸ್ತುವಾರಿಯಲ್ಲಿ, ಹಂತಹಂತವಾಗಿ. ಅದರಲ್ಲಿದ್ದವರೆಲ್ಲ ಆಗಲೇ ಚೇತರಿಸಿಕೊಂಡಿದ್ದವರು, ಖಿನ್ನತೆಯ ನಡುವೆ ಇದ್ದವರಲ್ಲ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಾನಸಿಕ ಕಾಯಿಲೆ ಇರುವವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇಂಥ ದೇಶದಲ್ಲಿ ಧ್ಯಾನವನ್ನು ವೈದ್ಯರ ಬದಲಿಗೆ ಇಟ್ಟರೆ ಆ ಅಂತರ ಇನ್ನೂ ಹಿಗ್ಗುತ್ತದೆ. ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಸಾಯುವ ಯೋಚನೆ ಸುಳಿಯುತ್ತಿದ್ದರೆ ಮೊದಲು ಬೇಕಾದದ್ದು ಚಿಕಿತ್ಸೆ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.